ಆದಿವಾಲದ ಹನ್ನೆರಡು ಜನ

ಆದಿವಾಲದ ಹಿಟ್ಟಿನ ಗಿರಣಿ ಜಂಬಣ್ಣ ಆ ಭಾನುವಾರ ಬೆಳಿಗ್ಗೆ ಮೈಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ಹಿರಿಯೂರಿಗೆ ಓಡಬೇಕಾಯಿತು. ಕಾರಣ ಒಂದು ಚೀಟಿ. ಕಬಡ್ಡಿ ಸಮಿತಿಯ ಹೊಸ ಅಧ್ಯಕ್ಷೆ, ನಿವೃತ್ತ ಹೆಡ್‌ಮಿಸ್ ಸರ್ವಮಂಗಳಮ್ಮನವರು ಅದರಲ್ಲಿ ಎರಡೇ ಸಾಲು ಬರೆದಿದ್ದರು: ‘ನಿಮ್ಮ ತಂಡದ ಹೆಸರು ಬದಲಾಗಬೇಕು. ಇಲ್ಲವಾದರೆ ಸಂಜೆ ನಿಮಗೆ ಫೈನಲ್ ಇಲ್ಲ.’

ತಂಡದ ಹೆಸರು ಕರಿಮೂತಿ ತಂಡ. ಮೊದಲು ಹಾಗೆ ಕರೆದು ಆಡಿಕೊಂಡವರು ಎದುರಾಳಿ ಊರಾದ ಹರಿಯಬ್ಬೆಯವರು. ಆದಿವಾಲದ ಆಟಗಾರರೆಲ್ಲ ಬಿಸಿಲಲ್ಲಿ ಕುರಿ ಕಾಯುವವರು, ಹೊಲ ಉಳುವವರು. ಬಣ್ಣವೂ ಅದಕ್ಕೆ ತಕ್ಕ ಹಾಗೆ ಇತ್ತು. ಅವರು ಅದೇ ಹೆಸರನ್ನು ಬನಿಯನ್ನಿನ ಮೇಲೆ ಬರೆಸಿಕೊಂಡು ಅಂಕಣಕ್ಕಿಳಿದರು. ಎಪ್ಪತ್ತೊಂದರಲ್ಲಿ ಗೆದ್ದರು. ಎಪ್ಪತ್ತೆರಡರಲ್ಲೂ ಗೆದ್ದರು. ಈಗ ಎಪ್ಪತ್ತಮೂರರ ಡಿಸೆಂಬರು. ಸತತ ಮೂರು ವರ್ಷ ಗೆದ್ದವರಿಗೆ ಶೀಲ್ಡು ಶಾಶ್ವತವಾಗಿ ಸೇರಬೇಕೆಂಬುದು ಸಮಿತಿಯ ನಿಯಮ. ತಂಡದ ಕಾರ್ಯದರ್ಶಿಯಾದ ಜಂಬಣ್ಣ ಅದನ್ನು ತೂಗುಹಾಕಲು ಗಿರಣಿಯ ಗೋಡೆಗೆ ಆಗಲೇ ಮೊಳೆ ಹೊಡೆದು, ಮೊಳೆಗೆ ಕುಂಕುಮವನ್ನೂ ಹಚ್ಚಿಬಿಟ್ಟಿದ್ದ.

ಸರ್ವಮಂಗಳಮ್ಮ ಮೈದಾನದ ಪಕ್ಕದ ಶಾಲೆಯ ಜಗಲಿಯಲ್ಲಿ ಕುಳಿತಿದ್ದರು. ಕರಿಮೂತಿ ತಂಡದ ಕಾರ್ಯದರ್ಶಿ ತಲೆಯಿಂದ ಕಾಲಿನವರೆಗೆ ಸುಣ್ಣ ಬಳಿದ ಗೋಡೆಯಂತೆ ಬಂದು ನಿಂತದ್ದನ್ನು ಕನ್ನಡಕದ ಮೇಲಿಂದ ನೋಡಿದರು.

“ಜಂಬಣ್ಣ, ಅಮೆರಿಕದಲ್ಲಿ ಒಂದು ಕಾಲೇಜಿನವರು ಅಲ್ಲಿನ ಮೂಲನಿವಾಸಿಗಳನ್ನ ಅಣಕಿಸೋ ಹೆಸರನ್ನ ತಮ್ಮ ತಂಡದಿಂದ ತೆಗೆದುಹಾಕಿದಾರೆ. ಪೇಪರಿನಲ್ಲಿ ಓದಲಿಲ್ಲವೇ?”

“ನಮ್ಮೂರಿಗೆ ಪೇಪರು ಬರಾದು ಮಂಡಕ್ಕಿ ಕಟ್ಟಿಸ್ಕಂಡು, ಅಮ್ಮಾವ್ರೇ. ಆ ಪುಟ ಇನ್ನೂ ಬಂದಿಲ್ಲ.”

“ಬಣ್ಣ ಹಿಡಿದು ಮನುಷ್ಯರನ್ನ ಹೀಯಾಳಿಸೋ ಹೆಸರು ನನ್ನ ಸಮಿತಿಯಲ್ಲಿ ಬೇಡ.”

“ನಾವೇ ಇಟ್ಕಂಡಿರಾದಲ್ವ್ರಾ? ನಮಗೇನೂ ಬೇಜಾರಿಲ್ಲ.”

“ನನ್ನನ್ನ ಮೂರನೇ ಕ್ಲಾಸಿನಲ್ಲಿ ಇದ್ದಲು ಅಂತ ಕರೀತಿದ್ರು,” ಎಂದರು ಸರ್ವಮಂಗಳಮ್ಮ. “ನಾನೂ ನಗ್ತಿದ್ದೆ. ಮನೆಗೆ ಹೋಗಿ ಕಲ್ಲಲ್ಲಿ ಮುಖ ಉಜ್ಜಿಕೊಳ್ತಿದ್ದೆ.”

ಜಂಬಣ್ಣ ಮಧ್ಯಾಹ್ನ ಮೂರು ಗಂಟೆಯೊಳಗೆ ಹೊಸ ಹೆಸರು ತರುವುದಾಗಿ ಕೈಮುಗಿದು ಬಂದ.

ತಂಡದವರು ಬೇವಿನ ಮರದಡಿ ರೊಟ್ಟಿ ಮುರಿಯುತ್ತಿದ್ದರು. ಸುದ್ದಿ ಕೇಳಿ ನಾಯಕ ಬೀರಪ್ಪನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಕರಿಸಿದ್ದಪ್ಪ.

“ಜಂಬಣ್ಣ, ನನ್ನ ಹೆಸರಾಗೂ ಕರಿ ಐತಲ್ಲೋ! ನಾನು ಆಡಬೋದೋ, ಇಲ್ಲಾ ಸಂಜೆ ಮಟ್ಟಿಗೆ ಬರೀ ಸಿದ್ದಪ್ಪ ಆಗ್ಲೋ?”

“ಅದು ದೇವರ ಹೆಸರು ಕಣಲೇ, ತೆಪ್ಪಗೆ ರೊಟ್ಟಿ ತಿನ್ನು. ಈಗ ಒಂದು ಒಳ್ಳೇ ಹೆಸರು ಹೇಳ್ರಪ್ಪ.”

‘ಸಿಡಿಲ ಮರಿ’ ಎಂದ ಒಬ್ಬ. ‘ವಿಜಯ ಕೇಸರಿ’ ಎಂದ ಇನ್ನೊಬ್ಬ. ಬುತ್ತಿ ಹೊತ್ತು ತಂದಿದ್ದ ಬೀರಪ್ಪನ ತಾಯಿ ತಿಪ್ಪಮ್ಮ ಸೌಟನ್ನು ನೆಲಕ್ಕೆ ಕುಕ್ಕಿದಳು.

“ಬುದ್ಧಿ ಐತೇನ್ರೋ ನಿಮಗೆ? ನನ್ಗಿಂತ ಮುಂಚೆ ಹುಟ್ಟಿದ ಮೂರು ಕೂಸೂ ತೀರ್ಕಂಡ್ವು. ನನ್ನ ತಿಪ್ಪೆ ಮ್ಯಾಲೆ ಮಲಗ್ಸಿ ತಿಪ್ಪಿ ಅಂತ ಕರದ್ರು. ಎಪ್ಪತ್ತು ವರ್ಷಾತು, ಯಮ ಇತ್ಲಾಗೆ ತಲೆ ಹಾಕಿಲ್ಲ. ಕೆಟ್ಟ ಹೆಸ್ರು ಇಟ್ಕಂಡಿದ್ದಕ್ಕೇ ನೀವು ಗೆದ್ದಿರಾದು. ಈಗ ಕೇಸರಿ ಗೀಸರಿ ಅಂದ್ರೆ ಇಡೀ ಮೈದಾನದ ಕಣ್ಣು ಬೀಳ್ತೈತೆ. ಕಾಲು ಮುರ್ಕಂಡು ಎತ್ತಿನ ಗಾಡಿನಾಗೆ ಬರ್ತೀರ, ನೋಡ್ತಿರ್ರಿ!”

ಏಳು ಜನ ಆಟಗಾರರೂ ತಮ್ಮ ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡರು. ಒಳ್ಳೆಯ ಹೆಸರನ್ನು ತಿಪ್ಪಮ್ಮ ಒಪ್ಪಳು, ಕೆಟ್ಟ ಹೆಸರನ್ನು ಸರ್ವಮಂಗಳಮ್ಮ ಒಪ್ಪರು. ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ಹೆಸರಿಗಾಗಿ ಜಂಬಣ್ಣ ಜರಡಿಯಲ್ಲಿ ಕಲ್ಲು ಹುಡುಕುವವನಂತೆ ತಲೆ ಅಲ್ಲಾಡಿಸುತ್ತ ಕುಳಿತ. ಕೊನೆಗೆ ‘ಆದಿವಾಲದ ಏಳು ಜನ’ ಎಂದ.

“ಹಂಗಾದ್ರೆ ನಾವೇನು ಹೊಸದುರ್ಗದೋರಾ?” ಎಂದು ಹೊರಗೆ ಕೂರುವ ಐವರು ಎದ್ದೇ ನಿಂತರು.

ಹೆಸರು ‘ಆದಿವಾಲದ ಹನ್ನೆರಡು ಜನ’ ಎಂದಾಯಿತು. “ಇದನ್ನ ಕೇಳಿ ಹೊಟ್ಟೆ ಉರ್ಕಣಾಕೆ ಯಾರಿಗೂ ಏನೂ ಇಲ್ಲ” ಎಂದು ತಿಪ್ಪಮ್ಮ ಒಪ್ಪಿದಳು. “ಸತ್ಯವಾಗಿದೆ” ಎಂದು ಸರ್ವಮಂಗಳಮ್ಮನೂ ಒಪ್ಪಿದರು. ಬನಿಯನ್ನುಗಳನ್ನು ಒಳಗು ಹೊರಗು ಮಾಡಿ ತೊಟ್ಟುಕೊಂಡದ್ದಾಯಿತು.

ತೊಂದರೆ ಶುರುವಾದದ್ದು ಮೈಕಿನ ಜುಂಜಯ್ಯನಿಂದ. ವಿಷಯವನ್ನು ಬಿಡಿಸಿ ಹೇಳದಿದ್ದರೆ ಅವನಿಗೆ ಸಮಾಧಾನವಿಲ್ಲ.

“ಮಹಾಜನರೇ! ಇಲ್ಲೀಗಂಟ ಕರಿಮೂತಿ ತಂಡ ಅಂತ ಕರೀತಿದ್ದ ಕರಿಮೂತಿ ತಂಡವನ್ನ ಇನ್ಮುಂದೆ ಕರಿಮೂತಿ ತಂಡ ಅಂತ ಯಾರೂ ಕರೀಬಾರದು! ಕರಿಮೂತಿ ಅನ್ನೋ ಮಾತು ಬಾಯಲ್ಲಿ ಬಂದ್ರೆ ಸಮಿತಿ ಸುಮ್ನಿರಲ್ಲ!”

ಅದುವರೆಗೆ ಆ ಹೆಸರೇ ಗೊತ್ತಿಲ್ಲದೆ ಸಂತೆಗೆ ಬಂದಿದ್ದವರೂ ‘ಯಾವುದಪ್ಪ ಅದು ಕರಿಮೂತಿ?’ ಎಂದು ಮೈದಾನಕ್ಕೆ ನುಗ್ಗಿದರು. ಜಂಬಣ್ಣ ಮೈಕಿನತ್ತ ಓಡಿ ತಂತಿಗೆ ಎಡವಿ ಜುಂಜಯ್ಯನ ಮಡಿಲಲ್ಲೇ ಬಿದ್ದ.

“ಆ ಹೆಸರು ಹೇಳಬ್ಯಾಡ ಮಾರಾಯಾ!”

“ಯಾವ ಹೆಸರು ಹೇಳಬಾರದು ಅಂತ ಹೇಳದೆ ಜನಕ್ಕೆ ಹೆಂಗೆ ತಿಳೀತೈತೆ?” ಎಂದ ಜುಂಜಯ್ಯ. ಅದೂ ಮೈಕಿನಲ್ಲೇ.

ಅಷ್ಟರಲ್ಲಿ ಫೈನಲ್ಲಿನ ಎದುರಾಳಿ ಹರಿಯಬ್ಬೆ ತಂಡದ ಮುರುಗೇಶಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಳ್ಳುತ್ತ ಸರ್ವಮಂಗಳಮ್ಮನವರ ಮುಂದೆ ನಿಂತಿದ್ದ. ಮದುವೆ ಮನೆಯಲ್ಲಿ ಬಡಿಸುವವನಷ್ಟು ವಿನಯ ಅವನದು.

“ಒಂದು ಸಣ್ಣ ಅನುಮಾನ, ಅಮ್ಮಾವ್ರೇ. ಎರಡು ವರ್ಷ ಗೆದ್ದಿದ್ದು ಕರಿಮೂತಿ ತಂಡ. ಇವರು ಹನ್ನೆರಡು ಜನ. ಈ ತಂಡ ಹುಟ್ಟಿ ಇನ್ನೂ ಅರ್ಧ ಗಂಟೆ ಆಗಿಲ್ಲ. ಇವರು ಗೆದ್ರೂ ಇದು ಮೊದಲನೇ ವರ್ಷ ತಾನೇ? ಶೀಲ್ಡು ಶಾಶ್ವತ ಹೆಂಗಾಗ್ತೈತೆ?”

ಜಂಬಣ್ಣನ ಮೈಯಲ್ಲಿ ಉಳಿದಿದ್ದ ಹಿಟ್ಟೆಲ್ಲ ಬೆವರಿಗೆ ಕಣಕವಾಯಿತು. ಆದರೆ ಆಪತ್ತಿನಲ್ಲಿ ಮನುಷ್ಯನ ತಲೆ ಒಮ್ಮೊಮ್ಮೆ ಹೊಸ ಗಿರಣಿಯಂತೆ ಓಡುತ್ತದೆ.

“ಅಲ್ರೀ ಮುರುಗೇಶಪ್ಪಾರೇ, ಹೋದ ತಿಂಗಳು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ರು. ಹಳೇ ಕಂದಾಯ ಮನ್ನಾ ಮಾಡಿದ್ರಾ? ಮೈಸೂರು ರಾಜ್ಯದಾಗೆ ಕಟ್ಕಂಡ ಹೆಂಡ್ತಿ ಕರ್ನಾಟಕ ಬಂತು ಅಂತ ಮನೆ ಬಿಟ್ಟು ಹೋದ್ಲಾ? ಹೆಸರು ಹೋದ್ರೂ ರಾಜ್ಯ ಅದೇ. ಹೆಸರು ಹೋದ್ರೂ ತಂಡ ಅದೇ!”

ಜನ ಚಪ್ಪಾಳೆ ತಟ್ಟಿದರು. ಸರ್ವಮಂಗಳಮ್ಮ ಮೂವತ್ತು ವರ್ಷ ಪಾಠ ಹೇಳಿದವರು, ಸರಿಯುತ್ತರಕ್ಕೆ ಮಾರ್ಕು ಕೊಡದೆ ಇರಲಾರರು. “ಒಪ್ಪಿದೆ” ಎಂದರು.

ಮುರುಗೇಶಪ್ಪ ತಲೆ ತಗ್ಗಿಸಿ ಒಂದು ಕಾಗದ ಮುಂದೆ ಹಿಡಿದ. “ನಿಮ್ಮ ಮಾತು ಕೋರ್ಟಿನಾಗೆ ಇರಬೇಕಿತ್ತು ಯಜಮಾನ್ರೇ. ನಮ್ಮೂರೋರು ಒರಟರು, ಬಾಯಿಮಾತು ನಂಬಲ್ಲ. ಒಂದು ಸಾಲು ಬರ್ಕೊಡ್ರಿ.”

ಜಂಬಣ್ಣ ಹೊಗಳಿಕೆಗೆ ಹಿಗ್ಗಿ ದಪ್ಪ ಅಕ್ಷರದಲ್ಲಿ ಬರೆದ: ‘ಹೆಸರು ಎಷ್ಟು ಸಲ ಬದಲಾದರೂ ಆಸಾಮಿಗಳು ಅವರೇ.’ ಕೆಳಗೆ ಉದ್ದನೆಯ ಸಹಿ ಎಳೆದ. ಸರ್ವಮಂಗಳಮ್ಮ ಅದಕ್ಕೆ ಸಮಿತಿಯ ಮೊಹರು ಒತ್ತಿದರು.

ಆಟ ಆಡಿದರು. ಕೊನೆಯ ಉಸಿರಿನಲ್ಲಿ ಕರಿಸಿದ್ದಪ್ಪ ಮೂವರನ್ನು ಮುಟ್ಟಿ ಹೊಟ್ಟೆಯ ಮೇಲೆ ತೆವಳಿ ಗೆರೆ ದಾಟಿದ. ಆದಿವಾಲ ಎರಡು ಅಂಕದಿಂದ ಗೆದ್ದಿತು. ತಿಪ್ಪಮ್ಮ ಹನ್ನೆರಡು ಜನಕ್ಕೂ ದೃಷ್ಟಿ ತೆಗೆದಳು. ಜಂಬಣ್ಣ ಶೀಲ್ಡಿಗೆ ಕೈ ಚಾಚಿದ.

“ಒಂದೇ ನಿಮಿಷ, ಅಮ್ಮಾವ್ರೇ,” ಎಂದ ಮುರುಗೇಶಪ್ಪ. ಅವನ ಕಂಕುಳಲ್ಲಿ ಸಮಿತಿಯ ಹಳೆಯ ನಡಾವಳಿ ಪುಸ್ತಕವಿತ್ತು. “ಎಪ್ಪತ್ತನೇ ಇಸವಿ ಪುಟ ಓದ್ರಿ.”

ಸರ್ವಮಂಗಳಮ್ಮ ಗಟ್ಟಿಯಾಗಿ ಓದಿದರು. “ರೆಫ್ರಿಯನ್ನು ಎತ್ತಿ ನಾಲೆಗೆ ಎಸೆದ ಕಾರಣ ಆದಿವಾಲದ ಜಯಭೇರಿ ತಂಡವನ್ನು ಐದು ವರ್ಷ ಹೊರಹಾಕಲಾಗಿದೆ. ತಪ್ಪೊಪ್ಪಿಗೆ ಸಹಿ, ಜಂಬಣ್ಣ, ಕಾರ್ಯದರ್ಶಿ.”

ಕಡಲೆಕಾಯಿ ಸುಲಿಯುತ್ತಿದ್ದವರೂ ಮೇಜಿನತ್ತ ಒತ್ತರಿಸಿ ಬಂದರು.

“ಮರುವರ್ಷವೇ ಇವರು ಕರಿಮೂತಿ ಅಂತ ಬೋರ್ಡು ಹಾಕ್ಕಂಡು ಬಂದ್ರು,” ಎಂದ ಮುರುಗೇಶಪ್ಪ. “ನಾವು ತಕರಾರು ತೆಗೆದ್ವಿ. ಹೆಸರು ಬೇರೆ ಆದ್ರೆ ತಂಡ ಬೇರೆ ಅಂತ ಹಳೇ ಅಧ್ಯಕ್ಷರು ಬಾಯಿ ಮುಚ್ಚಿಸಿದ್ರು. ಎರಡು ವರ್ಷ ಮುಚ್ಕಂಡೇ ಇದ್ವಿ. ಇವತ್ತು ಜಂಬಣ್ಣಾರೇ ಬಿಡಿಸಿ ಹೇಳಿದ್ರು. ಬರ್ದೂ ಕೊಟ್ರು.”

ಸರ್ವಮಂಗಳಮ್ಮ ನಿಯಮದ ಪುಟ ತಿರುವಿದರು. ಹೊರಹಾಕಿದ ತಂಡದ ಗೆಲುವು ಎರಡನೆಯ ಸ್ಥಾನದವರಿಗೆ ಸೇರತಕ್ಕದ್ದು. ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ತಮೂರು, ಮೂರು ವರ್ಷವೂ ಎರಡನೆಯ ಸ್ಥಾನ ಹರಿಯಬ್ಬೆಗೇ. ಶೀಲ್ಡು ಜಂಬಣ್ಣನ ಕೈಯ ಮುಂದಿನಿಂದಲೇ ಹರಿಯಬ್ಬೆಯವರ ಹೆಗಲೇರಿತು, ಶಾಶ್ವತವಾಗಿ.

ಜಂಬಣ್ಣ ಹಿಂದಿರುಗಿ ನೋಡಿದ. ಬೀರಪ್ಪ ತೋಳು ತಟ್ಟುತ್ತಿದ್ದ. ಕರಿಸಿದ್ದಪ್ಪ, ಉಳಿದ ಹತ್ತು ಜನ, ಎಲ್ಲರಿಗೂ ಮುಂದೆ ಸೌಟು ಹಿಡಿದ ತಿಪ್ಪಮ್ಮ, ಹೆಜ್ಜೆಗೆ ಹೆಜ್ಜೆ ಸೇರಿಸಿ ಅವನತ್ತ ಬರುತ್ತಿದ್ದರು.

“ಅಮ್ಮಾವ್ರೇ!” ಅವನು ಮೇಜು ಹಿಡಿದುಕೊಂಡ. “ಎಪ್ಪತ್ತರಾಗೆ ಸಹಿ ಹಾಕ್ದೋನು ಜಂಬಣ್ಣ. ಈಗಿಂದೀಗ ನಾನು ಹೆಸರು ಬದಲಾಯಿಸ್ಕಂತೀನಿ. ಆ ಮನುಷ್ಯನಿಗೂ ನನಗೂ ಯಾವ ಸಂಬಂಧನೂ…”

ಸರ್ವಮಂಗಳಮ್ಮ ಕನ್ನಡಕ ಸರಿಪಡಿಸಿಕೊಂಡು ಮೊಹರು ಬಿದ್ದ ಕಾಗದವನ್ನು ಬೆಳಕಿಗೆ ಹಿಡಿದರು. “ಹೆಸರು ಎಷ್ಟು ಸಲ ಬದಲಾದರೂ…”

“ಆಸಾಮಿ ಅವನೇ!” ಎಂದು ಮೈದಾನವೆಲ್ಲ ಒಂದೇ ದನಿಯಲ್ಲಿ ಕೂಗಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಆದಿವಾಲದ ಹನ್ನೆರಡು ಜನ.