ಮುಖ್ಯ ವ್ಯಕ್ತಿಯ ವಿಮೆ

ಪಕ್ಕದ ಬೀದಿಯ ಚಪ್ಪಲಿ ಅಂಗಡಿಗೆ ಬೆಂಕಿ ಬಿದ್ದ ಮೇಲೆ ಟೈಲರ್ ಮಾಸ್ಟರಿಗೆ ನಿದ್ದೆಯೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿದ್ದೆ ಅವರಿಗೆ ಮಧ್ಯಾಹ್ನವೂ ಬರುತ್ತದೆ. ಆದರೆ ಎಚ್ಚರವಿದ್ದಷ್ಟು ಹೊತ್ತೂ ವಿಮೆಯದೇ ಧ್ಯಾನ. ಕಂಪನಿಯ ಪುಸ್ತಿಕೆ ತರಿಸಿ, ಕೆಂಪು ಪೆನ್ಸಿಲ್ ಹಿಡಿದು, ಹದಿನೈದು ದಿನ ಘನಗಂಭೀರ ಅಧ್ಯಯನ ನಡೆಸಿದರು. (ಅಷ್ಟು ದಿನ ಅಂಗಡಿ ಹೇಗೆ ನಡೆಯಿತು ಎಂದು ಅವರಿಗೆ ಹೊಳೆಯಲೇ ಇಲ್ಲ.)

"ಕೇಳಿಸ್ಕೊಳ್ಳೇ," ಎಂದರು ಹೆಂಡತಿಗೆ. ಅವಳು ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿ ಆಡಿಸುತ್ತಿದ್ದಳು. "ಬೆಂಕಿ, ಕಳ್ಳತನಕ್ಕೆ ಒಂದು ವಿಮೆ. ಗಿರಾಕಿ ಕೊಟ್ಟ ಬಟ್ಟೆ ನಮ್ಮಲ್ಲಿ ಹಾಳಾದ್ರೆ ಇನ್ನೊಂದು. ಗಿರಾಕಿನೇ ಅಂಗಡೀಲಿ ಜಾರಿ ಬಿದ್ರೆ ಮತ್ತೊಂದು."

"ಮೂರೂ ಬೇಕು ಕಣ್ರೀ."

"ನಾಲ್ಕನೇದೇ ಮುಖ್ಯ. ಯಾರಿಲ್ಲದಿದ್ರೆ ಅಂಗಡಿ ನಿಂತುಹೋಗುತ್ತೋ ಅಂಥ ಮುಖ್ಯ ವ್ಯಕ್ತಿ ಹಾಸಿಗೆ ಹಿಡಿದ್ರೆ, ಆಗೋ ನಷ್ಟನ ಕಂಪನಿ ಕಟ್ಟಿಕೊಡುತ್ತೆ. ಅದಕ್ಕೇ ಆ ವ್ಯಕ್ತಿ ಭಾರ ಎತ್ತಬಾರದು, ಮಧ್ಯಾಹ್ನ ವಿಶ್ರಾಂತಿ ತಗೋಬೇಕು ಅಂತ ಸಲಹೆನೂ ಕೊಟ್ಟಿದಾರೆ."

ಹೇಳುವಾಗಲೇ ಬಾಗಿಲು ಹಾಕಿದ ಅಂಗಡಿ, ದಿಕ್ಕಿಲ್ಲದ ಹೊಲಿಗೆ ಯಂತ್ರ, ಕಣ್ಣೀರಿಡುವ ಗಿರಾಕಿಗಳು ಎಲ್ಲ ಅವರ ಕಣ್ಣೆದುರು ಬಂದವು. ಪುಸ್ತಿಕೆಯಲ್ಲಿ ಆ ಸಲಹೆಯ ಕೆಳಗೆ ಎರಡು ಸಲ ಗೆರೆ ಎಳೆದರು.

ಮರುದಿನ ವಿಮೆ ಕಂಪನಿಯ ಹೆಂಗಸೊಬ್ಬರು ಅರ್ಜಿ ತುಂಬಿಸಲು ಬಂದರು.

"ಅಳತೆ ತಗೊಳ್ಳೋರು ಯಾರು ಸಾರ್?"

"ಇವಳು. ಹೆಂಗಸರ ಬಟ್ಟೆ ಅಲ್ವಾ."

"ಕತ್ತರಿಸೋದು?"

"ಅದೂ ಇವಳೇ. ಕೈ ಚುರುಕು."

"ಹೊಲಿಯೋದು?"

ಮಾಸ್ಟರು ಕೆಮ್ಮಿದರು. "ನಂದು ಒಟ್ಟಾರೆ ಉಸ್ತುವಾರಿ."

ಆಕೆಯ ಕಣ್ಣು ಮಾಸ್ಟರ ಕೊರಳಲ್ಲಿದ್ದ ಅಳತೆ ಟೇಪಿನ ಮೇಲೆ ಬಿತ್ತು. "ಟೇಪು ಹೊಸದಾ ಸಾರ್?"

"ಹನ್ನೊಂದು ವರ್ಷದ್ದು," ಎಂದಳು ಹೆಂಡತಿ ಮೆಲ್ಲಗೆ. ಅದರ ಒಂದು ಅಂಕಿಯೂ ಮಾಸಿರಲಿಲ್ಲ. ಮೇಜಿನ ಮೇಲಿದ್ದ ಅವಳ ಟೇಪಿನಲ್ಲಿ ನಲವತ್ತರವರೆಗೆ ಅಂಕಿಗಳೇ ಕಾಣುತ್ತಿರಲಿಲ್ಲ.

"ಸಾರ್ ಒಂದು ತಿಂಗಳು ಬರದಿದ್ರೆ ಅಂಗಡಿಗೆ ಏನು ನಷ್ಟ ಅಮ್ಮ?"

ಹೆಂಡತಿ ಪ್ರಾಮಾಣಿಕವಾಗಿ ಯೋಚಿಸಿದಳು. "ಮಧ್ಯಾಹ್ನ ಒಳಗಿನ ಫ್ಯಾನು ತಿರುಗಲ್ಲ."

ಮುಖ್ಯ ವ್ಯಕ್ತಿಯ ಜಾಗದಲ್ಲಿ ಹೆಂಡತಿಯ ಹೆಸರು ಬಿತ್ತು. ಮಾಸ್ಟರಿಗೆ ನಿಜಕ್ಕೂ ನೋವಾಯಿತು. ಅಂಗಡಿಯ ಬೋರ್ಡಿನಲ್ಲಿರುವುದು ಅವರ ಹೆಸರು.

"ಹಾಗಾದ್ರೆ ನಾನು ಇದ್ರಲ್ಲಿ ಎಲ್ಲಿ ಬರ್ತೀನಿ?"

ಆಕೆ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿದರು. "ಕೆಳಗೆ ಸಾಕ್ಷಿ ರುಜು ಅಂತ ಜಾಗ ಇದೆ ಸಾರ್."

ಮಾಸ್ಟರು ರುಜು ಹಾಕಿದರು.

ಮಾರನೆಯ ಮಧ್ಯಾಹ್ನ ಊಟ ಮುಗಿಸಿ ಒಳಗೆ ಹೋದರೆ ಅವರ ಮಂಚದ ಮೇಲೆ ಹೆಂಡತಿ ಮಲಗಿದ್ದಳು. ಫ್ಯಾನು ತಿರುಗುತ್ತಿತ್ತು. ತಲೆಯ ಹತ್ತಿರ ಪುಸ್ತಿಕೆ ತೆರೆದಿತ್ತು.

"ಏನೇ ಇದು?"

"ನೀವೇ ಗೆರೆ ಎಳೆದಿದೀರಲ್ರೀ," ಎಂದು ಅವಳು ಮಗ್ಗುಲು ಬದಲಿಸಿದಳು.

ಅಷ್ಟರಲ್ಲಿ ಹೊರಗೆ ಗಿರಾಕಿಯ ದನಿ ಕೇಳಿತು. ಮಾಸ್ಟರು ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅಳತೆಗೆಂದು ಕೊರಳಿನ ಟೇಪು ತೆಗೆದು, ಎರಡೂ ಕೈಯಲ್ಲಿ ಹಿಡಿದು ಓಡಿ ಬಂದರು.

"ಬನ್ನಿ ಬನ್ನಿ, ಅವಳು ಮಲಗಿದಾಳೆ, ನಾನಿದೀನಿ."

ಗಿರಾಕಿ ಹೆಂಗಸು ಅವರನ್ನೂ ಟೇಪನ್ನೂ ನೋಡಿ, ತಂದ ಬಟ್ಟೆಯನ್ನು ಮೆಲ್ಲಗೆ ಚೀಲಕ್ಕೆ ವಾಪಸು ಹಾಕಿಕೊಂಡಳು.

"ಪರವಾಗಿಲ್ಲ ಮಾಸ್ಟರೇ. ಅವರು ಎದ್ದ ಮೇಲೆ ಬರ್ತೀನಿ."