ಫೇಲಾದವರ ವಿಳಾಸ ಹುಡುಕಿದ ಮಾವ

ನಮ್ಮ ಸೋದರಮಾವನಿಗೆ ದೇವರ ಮೇಲೆ ಭಕ್ತಿ ಇದೆ; ನಂಬಿಕೆ ಇಲ್ಲ! ಪೂಜಾರಿ ತೀರ್ಥ ಕೊಟ್ಟರೆ, "ಮೊದಲು ನೀವು ತಗೊಳ್ಳಿ ಸ್ವಾಮಿ" ಅನ್ನುವ ಆಸಾಮಿ. ಊಟಿಯ ಮಾರ್ಕೆಟ್ಟಿನಲ್ಲೇ ನಿಂತು ಊಟಿ ಕ್ಯಾರೆಟ್ ಮುರಿದು, ಮೂಸಿ, "ಇದು ಯಾವ ಊರಿಂದು, ನಿಜ ಹೇಳು" ಅಂತ ಗದರುತ್ತಾರೆ. ಪಾಪ, ಅವರಾದರೂ ಏನು ಮಾಡಿಯಾರು? ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಮೀಸೆ ಚಿಗುರಿದ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು "ಇನ್ನೂ ಐದು ತುಂಬಿಲ್ಲ ಸಾರ್" ಅನ್ನುವ ತಾಯಂದಿರನ್ನು ಜೀವಮಾನವೆಲ್ಲ ಕಂಡವರಿಗೆ ಲೋಕದ ಮೇಲೆ ಅನುಮಾನ ಬಾರದೆ ಇನ್ನೇನು ಬಂದೀತು?

ಇಂಥವರ ಕೈಗೆ ನನ್ನ ಹಣೆಬರಹ ಸಿಕ್ಕಿಬಿತ್ತು ನೋಡಿ! ನನಗೆ ಅಪ್ಪ ಇಲ್ಲ. ಅಮ್ಮ ಊಟಿ ಹತ್ತಿರದ ಸೋಲೂರಿನಲ್ಲಿ ಕಂಡವರ ತೋಟದಲ್ಲಿ ಟೀ ಎಲೆ ಕೀಳುತ್ತಾಳೆ. ನನ್ನ ಡಿಗ್ರಿ ಮುಗಿದದ್ದೇ ತಡ, ಎರಡು ಕಾಗದ ಬಂದವು. ಒಂದು, ಟೀ ಫ್ಯಾಕ್ಟರಿ ಆಫೀಸಿನಲ್ಲಿ ಕೆಲಸ, ಸೋಮವಾರದೊಳಗೆ ಸೇರಬೇಕು. ಇನ್ನೊಂದು, ಚೆನ್ನೈನಲ್ಲಿ ಎರಡು ವರ್ಷ ಐಎಎಸ್ ಪರೀಕ್ಷೆಗೆ ತರಬೇತಿ. ನನ್ನ ಜೀವವೆಲ್ಲ ಚೆನ್ನೈ ಮೇಲೆ. ಆದರೆ ಎರಡು ವರ್ಷ ಓದಿಯೂ ಆಗದಿದ್ದರೆ? ಅಲ್ಲಿಯವರೆಗೆ ಅಮ್ಮನ ಮೊಣಕಾಲು ತಡೆದೀತೇ? ಅಮ್ಮ ಜಾಣೆ, "ನಿಮ್ಮ ಮಾವನ್ನ ಕೇಳು" ಅಂದು ಬುಟ್ಟಿ ಹೊತ್ತು ಹೋದಳು.

ಮಾವ ಚೆನ್ನೈ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಪಾಠ ಪುಕ್ಕಟೆ, ಊಟ ಪುಕ್ಕಟೆ, ಹಾಸಿಗೆ ಪುಕ್ಕಟೆ! ಹಾಗಾದ್ರೆ ಇವರು ಮಾರೋದು ಏನನ್ನ? ನಿನ್ನನ್ನೇನಾ?"

ಆ ಸಂಸ್ಥೆಯವರು ಊಟಿಯಲ್ಲಿ ಕರೆದ ಸಭೆಗೂ ಮಾವ ನನ್ನ ಬೆನ್ನುಹತ್ತಿ ಬಂದರು. ಗೋಡೆ ತುಂಬ ಪಾಸಾದವರ ಫೋಟೋ. ಭಾಷಣ ಮುಗಿಸಿದ ಮೇಷ್ಟ್ರು "ಯಾರಿಗಾದ್ರೂ ಪ್ರಶ್ನೆ ಇದೆಯಾ?" ಅಂದರು. ಅನ್ನಬಾರದಿತ್ತು!

ಮಾವ ಎದ್ದರು. "ಪಾಸಾದೋರನ್ನ ನೋಡ್ದೆ ಸಾರ್. ಫೇಲಾದೋರ ಫೋಟೋ ಯಾವ ಗೋಡೆ ಮೇಲಿದೆ?"

ಸಭೆಯೆಲ್ಲ ಗೊಳ್ಳೆಂದಿತು. ಭೂಮಿ ಬಾಯಿಬಿಡಬಾರದೇ ಅಂತ ನಾನು ತಲೆ ತಗ್ಗಿಸಿದೆ. ಮೇಷ್ಟ್ರು ಮಾತ್ರ ನಗಲಿಲ್ಲ. "ಅಷ್ಟು ದೊಡ್ಡ ಗೋಡೆ ನಮ್ಮಲ್ಲಿಲ್ಲ ಸಾರ್. ನಾನೂ ಆ ಗೋಡೆಯವನೇ" ಅಂದರು.

ಮಾವನ ಜೀವನದಲ್ಲಿ ಅನುಮಾನಕ್ಕೆ ಎಡೆಕೊಡದ ಮೊದಲ ಮನುಷ್ಯ! ಮಾವ ಮೇಷ್ಟ್ರ ಪಕ್ಕದಲ್ಲೇ ಕೂತು, ನಮ್ಮ ಜಿಲ್ಲೆಯಿಂದ ಹೋಗಿ ಫೇಲಾದವರ ವಿಳಾಸ ಕೇಳಿ ಬರೆದುಕೊಂಡರು. ಮರುದಿನದಿಂದ ಮಾವ ನಾಪತ್ತೆ. ಗೂಡಲೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನೊಬ್ಬ, ಲವ್‌ಡೇಲಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವವಳೊಬ್ಬಳು, ಮಸಿನಗುಡಿಯ ಜೀಪ್ ಡ್ರೈವರ್, ಮೂವರನ್ನೂ ಹುಡುಕಿಕೊಂಡು ಹೋಗಿದ್ದರಂತೆ. ಆ ಡ್ರೈವರ್ ಆನೆ ಅಡ್ಡ ಬಂದರೂ ಸಂವಿಧಾನದ ವಿಧಿ ಹೇಳುತ್ತಾನಂತೆ! ಎಲ್ಲರಿಗೂ ಮಾವನ ಪ್ರಶ್ನೆ ಒಂದೇ: "ಫೇಲಾದ ಮೇಲೆ ಮನೆಗೆ ಹೇಗೆ ಹೋದೆ?"

ಭಾನುವಾರ ಬಂದವರೇ ನನ್ನ ಕೈಗೊಂದು ಚೀಟಿ ಕೊಟ್ಟರು. ಮೇಲೆ "ಫೇಲಾದವರು" ಅಂತ ದಪ್ಪಕ್ಷರ. ಕೆಳಗೆ ನಾಲ್ಕು ಹೆಸರು, ಫೋನ್ ನಂಬರು.

"ಯಾರೂ ಹಾಳಾಗಿಲ್ಲ, ಕಣವ್ವಾ. ಧೈರ್ಯ ಕೆಟ್ಟ ದಿನ ಇವರಿಗೆ ಫೋನ್ ಮಾಡು."

ನಾಲ್ಕನೆಯ ಹೆಸರು ಓದಿದೆ. ಮಾವನದೇ!

"ನೀವೂ ಈ ಪರೀಕ್ಷೆ ಬರೆದಿದ್ರಾ ಮಾವ?"

"ಎರಡು ಸಲ." ಅವರು ನನ್ನ ಮುಖ ನೋಡಲಿಲ್ಲ. "ನನ್ನ ಓದಿಸೋಕೆ ಅಂತಲೇ ನಿಮ್ಮಮ್ಮ ಸ್ಕೂಲು ಬಿಟ್ಟು ಎಲೆ ಕೀಳೋಕೆ ಹೋದ್ಲು. ಫೇಲಾದ್ಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ? ಮೂರು ವರ್ಷ ಮನೆ ಕಡೆ ತಲೆ ಹಾಕ್ಲಿಲ್ಲ. ನನ್ನ ತಂಗಿ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ."

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ಬರೀ ನಕ್ಕಿದ್ದೆನಲ್ಲ!

"ನೀನು ಚೆನ್ನೈಗೆ ಹೋಗು. ನಿಮ್ಮಮ್ಮನ್ನ ನಾನು ನೋಡ್ಕೋತೀನಿ" ಅಂದರು ಮಾವ. "ಪಾಸಾದ್ರೆ ನಿಧಾನಕ್ಕೆ ಬಾ. ಫೇಲಾದ್ರೆ ಮಾತ್ರ ಅವತ್ತಿನ ಬಸ್ಸಿಗೇ ಮನೆಗೆ ಬಂದ್ಬಿಡು."