ಕುಳ್ಳಗಾದ ಬೀಸಣಿಗೆ ತಾಳೆ

ಟೈಲರನ ಮನೆಯಲ್ಲಿ ಒಳ್ಳೆಯ ಬೆಳಕು ಬರುವುದು ಒಂದೇ ಕಿಟಕಿಯಿಂದ. ಆ ಕಿಟಕಿ ಹೆಂಡತಿಯ ಬೀಸಣಿಗೆ ತಾಳೆಯ ವಶದಲ್ಲಿತ್ತು. ಏಳು ವರ್ಷದ ಕುಂಡದ ಗಿಡಕ್ಕೆ ಐದೇ ಐದು ಎಲೆ. ಒಂದೊಂದೂ ಮೊರದಗಲ, ಗುಂಡಗೆ, ಸುತ್ತಲೂ ಒಪ್ಪವಾಗಿ ನೆರಿಗೆ ಹಿಡಿದದ್ದು. (ಅಂಥ ನೆರಿಗೆ ತನ್ನ ಕೈಯಲ್ಲೂ ಬರುವುದಿಲ್ಲವೆಂಬುದು ಟೈಲರನ ಒಳಸಂಕಟ.) ಅವನು ಮಾತ್ರ ಕತ್ತಲ ಮೂಲೆಯಲ್ಲಿ ಕೂತು ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಹುಡುಕುತ್ತಿದ್ದ.

ಕೊನೆಗೊಂದು ಒಪ್ಪಂದವಾಯಿತು. ಆರು ತಿಂಗಳಲ್ಲಿ ಗಿಡ ಬೆರಳಗಲ ಬೆಳೆಯದಿದ್ದರೆ ಕಿಟಕಿ ಹೊಲಿಗೆ ಮಷೀನಿಗೆ. ಹೆಂಡತಿ ತಲೆಯೆತ್ತದೆ ಹೂಂ ಅಂದಳು. ಟೈಲರ್ ಮಣ್ಣಿನಿಂದ ನಡುವಿನ ಸುಳಿಯ ತುದಿಯವರೆಗೆ ಟೇಪು ಹಿಡಿದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದುಕೊಂಡ: ಮೂವತ್ತೊಂದೂವರೆ ಇಂಚು.

ಮುಂದಿನ ತಿಂಗಳು ಮೂವತ್ತೊಂದೂಕಾಲು. ಅದರ ಮುಂದಿನ ತಿಂಗಳು ಮೂವತ್ತೊಂದು. ಬೆಳೆಯದ ಗಿಡವನ್ನು ಅವನು ಕಂಡಿದ್ದ. ಕುಳ್ಳಗಾಗುವ ಗಿಡವನ್ನು ಕಂಡಿರಲಿಲ್ಲ. ಕೂತು ಅಳೆದ, ನಿಂತು ಅಳೆದ, ಕನ್ನಡಕ ಒರೆಸಿಕೊಂಡು ಅಳೆದ. ಹೊಸ ಟೇಪು ತಂದ. ಅದೂ ಅದನ್ನೇ ಹೇಳಿತು. ಹಾಗಾದರೆ ತನ್ನ ಕೈಯೇ ಎಲ್ಲವನ್ನೂ ಕಮ್ಮಿ ಅಳೆಯುತ್ತಿರಬೇಕು! ಮೂವತ್ತು ವರ್ಷ ಅನ್ನ ಹಾಕಿದ ಕೈ. ಬಾಯಿಬಿಟ್ಟರೆ ಒಬ್ಬ ಗಿರಾಕಿಯೂ ಮನೆಯ ಕಡೆ ತಲೆ ಹಾಕುವುದಿಲ್ಲವೆಂದು ಹೆದರಿ, ಪ್ರತಿ ಅಂಗಿಗೂ ಗುಟ್ಟಾಗಿ ಎರಡಿಂಚು ಸೇರಿಸತೊಡಗಿದ. ಗುಮಾಸ್ತರೊಬ್ಬರ ಅಂಗಿಯಲ್ಲಿ ಇನ್ನೊಬ್ಬ ಗುಮಾಸ್ತರಿಗೂ ಜಾಗವಾಯಿತು. ಒಟ್ಟು ಹನ್ನೊಂದು ಅಂಗಿ ವಾಪಸು ಬಂದವು. ಟೈಲರನಿಗೆ ತಲೆ ಚಿಟ್ಟು ಹಿಡಿಯಿತು.

ಗಡುವಿನ ದಿನ ಹೆಂಡತಿಯನ್ನು ಕರೆದು ಮೆಲ್ಲಗೆ ಹೇಳಿದ: “ಗಿಡ ಒಂದೂವರೆ ಇಂಚು ಕುಗ್ಗಿದೆ ಕಣೇ. ಕಿಟಕಿ ನಂದಾಯ್ತು. ಆದ್ರೆ ನನ್ನ ಕೈ ಹೋಯ್ತು.”

ಅವನ ಕಣ್ಣಲ್ಲಿ ನೀರಿತ್ತು. ಹೆಂಡತಿ ಅವನನ್ನು ನೋಡಿದಳು, ಕುಂಡವನ್ನು ನೋಡಿದಳು, ಮಂಚದ ಮೇಲಿದ್ದ ತನ್ನ ಅಮ್ಮನನ್ನು ನೋಡಿದಳು.

“ಸೋಸಿದ ಟೀಪುಡೀನ ದಿನಾ ಅದಕ್ಕೇ ಹಾಕ್ತೀನಲ್ಲ,” ಅಂದರು ಅತ್ತೆ. “ಗೊಬ್ಬರ ಆಗ್ಲಿ ಅಂತ.”

ಹೆಂಡತಿ ಸೌಟು ತಂದು ಹಳೆಯ ಮಣ್ಣು ಕಾಣುವ ತನಕ ಟೀಪುಡಿ ಕೆರೆದು ತೆಗೆದಳು. ಟೈಲರ್ ಮತ್ತೆ ಟೇಪು ಹಿಡಿದ. ಮೂವತ್ತೆರಡೂಕಾಲು! ಸರಿಯಾಗಿ ಬೆರಳಗಲ ಬೆಳೆದಿತ್ತು.

ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಕೈಗೆ ಏನೂ ಆಗಿರಲಿಲ್ಲ. ಆದರೆ ಹನ್ನೊಂದು ಅಂಗಿ ಬಿಚ್ಚಿ ಹೊಲಿಯಬೇಕಿತ್ತು, ಅದೂ ಕತ್ತಲ ಮೂಲೆಯಲ್ಲಿ.

ಹೆಂಡತಿ ಮಡಚಿದ ಬೀಸಣಿಗೆಯಂತಿದ್ದ ಸುಳಿಯನ್ನು ಸವರಿದಳು. “ರೀ, ಈ ಎಲೆ ಬಿಚ್ಕೊಂಡ್ರೆ ಇನ್ನೊಂದು ಮೊರದಗಲ ಜಾಗ ಬೇಕು. ಮಷೀನನ್ನ ಇನ್ನೂ ಸ್ವಲ್ಪ ಒಳಗೆ ತಳ್ಳಿ.”

ಟೈಲರ್ ತಳ್ಳಿದ. ಎಷ್ಟು ತಳ್ಳಿದೆನೆಂದು ಅಳೆಯಲು ಹೋಗಲಿಲ್ಲ.